ಹದ ಬರುವ ತನಕ



ರೋಗದ ವಿಷಯವಾಗಿ ನಮ್ಮಲ್ಲಿ ಮಾತಿಗೆ ಬರವಿಲ್ಲ. ವ್ಯಾಧಿಯ ಲಕ್ಷಣಗಳನ್ನು ಕುರಿತು, ಅದರ ನಿವಾರಣೋಪಾಯಗಳನ್ನು ಕುರಿತು, ವೈದ್ಯರ ಕೌಶಲವನ್ನೂ ಔಷಧಗಳ ಬೆಲೆಯನ್ನೂ ಕುರಿತು ಬಲ್ಲವರು ಪತ್ರಿಕೆಗಳಲ್ಲಿಯೂ ಈ ಬಾನುಲಿಯಲ್ಲಿಯೂ ಹೇಳುತ್ತಲೇ ಬಂದಿದ್ದಾರೆ. ಆದರೆ ಚಿಕಿತ್ಸೆಯು ಮುಗಿದ ದಿನಕ್ಕೂ, ಅದು ಫಲಿಸಿತೋ ಇಲ್ಲವೋ ಎಂಬುದನ್ನು ತಿಳಿಸುವ ಸ್ಕ್ಯಾನಿನ ವರದಿಯು ಕೈಸೇರುವ ದಿನಕ್ಕೂ ನಡುವೆ ಒಂದು ಕಾಲವಿದೆಯಷ್ಟೆ, ಆಸ್ಪತ್ರೆಗೆ ಓಡಾಡುವ ಕೆಲಸವೂ ಇಲ್ಲದೆ, ನಿಶ್ಚಿಂತೆಯಾಗಿ ನಿದ್ರಿಸುವ ಸಮಾಧಾನವೂ ಇಲ್ಲದೆ ಮನೆಮಂದಿಯೆಲ್ಲ ದಿನ ನೂಕುವ ಆ ಅವಧಿಯನ್ನು ಕುರಿತು ಮಾತನಾಡುವವರು ವಿರಳ. ನನ್ನ ತಾಯಿಯ ಚಿಕಿತ್ಸೆಯ ನಂತರ ನಮ್ಮ ಮನೆಯು ಆ ಕಾಲವನ್ನು ದಾಟಬೇಕಾಯಿತು. ಆ ಅನುಭವದಲ್ಲಿ ಅನ್ಯರಿಗೂ ಪ್ರಯೋಜನಕ್ಕೆ ಬರತಕ್ಕದ್ದು ಏನಾದರೂ ಇದ್ದೀತೆಂಬ ನಂಬಿಕೆಯಿಂದ ಈ ಮಾತುಗಳನ್ನು ಆಡುತ್ತಿದ್ದೇನೆ. ಆಡಲು ಅಪ್ಪಣೆ ಕೊಟ್ಟವಳೂ ಆಕೆಯೇ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿಯ ಕೇಂದ್ರವು ಆರಂಭವಾದ ಮೇಲೆ ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಹೇಗೋ ಹಾಗೆಯೇ ನಮ್ಮ ಅಡಿಗೆಮನೆಯಲ್ಲಿಯೂ ರೇಡಿಯೋ ಒಂದು ನಿತ್ಯದ ಸಂಗಾತಿಯಾಗಿತ್ತು. ಅದರಲ್ಲಿ ತನ್ನ ಸಂಗತಿಯೇ ಬರುವುದಾದರೆ ಬರಲಿ ಎಂಬುದು ಆಕೆಯ ಅಭಿಪ್ರಾಯ.

ನಮ್ಮದು ಗದಗ ತಾಲೂಕಿನ ಮುಳಗುಂದ. ಎರೆಹೊಲದ ಊರು. ಹತ್ತಿ, ಮೆಣಸಿನಕಾಯಿ, ಹೆಸರು, ಹಿಂಗಾರಿಯ ಬಿಳಿಜೋಳ, ಕಡಲೆ, ಇವುಗಳ ಬಿತ್ತನೆ ಕೊಯ್ಲುಗಳಿಂದಲೇ ಇಲ್ಲಿಯ ವರ್ಷವು ಅಳೆಯಲ್ಪಡುತ್ತದೆ. ಗದಗಿಗೆ ಹೋಗುವ ದಾರಿಯಲ್ಲಿಯೇ ಮಲ್ಲಸಮುದ್ರದ ಬಳಿ ಈಗ ಸರಕಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಆದರೆ ಕ್ಯಾನ್ಸರೆಂದೊಡನೆ ನಮ್ಮ ಕಡೆಯ ಜನ ಮುಖ ಮಾಡುವುದು ಹುಬ್ಬಳ್ಳಿಗೆ. ಅಲ್ಲಿಯ ನವನಗರದಲ್ಲಿ ಡಾ. ಆರ್. ಬಿ. ಪಾಟೀಲರು ಕಟ್ಟಿ ಬೆಳೆಸಿದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯ ಹೆಸರನ್ನು ಕೇಳದ ಹಳ್ಳಿ ಉತ್ತರ ಕರ್ನಾಟಕದಲ್ಲಿ ಇರಲಾರದು. ಇನ್ನೂ ದೂರ ಹೋಗಬೇಕಾದವರು ಬೆಂಗಳೂರಿನ ಕಿದ್ವಾಯಿಗೆ, ಒಂದು ಕಾಲದಲ್ಲಿ ಮುಂಬಯಿಯ ಟಾಟಾ ಆಸ್ಪತ್ರೆಗೆ ಹೋಗುತ್ತಿದ್ದರು. ಅವ್ವನನ್ನು ನಾವು ಕರೆದೊಯ್ದುದು ಹುಬ್ಬಳ್ಳಿಗೆ. ಅಣ್ಣಿಗೇರಿಯ ಮೇಲಿನ ಬಸ್ಸಿನಲ್ಲಿ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣವು ಉಚಿತವಾಗಿರುವುದು ದಿನನಿತ್ಯವೂ ಆಸ್ಪತ್ರೆಗೆ ಹೋಗಿಬರುವ ಬಡ ಮನೆಗಳಿಗೆ ಎಷ್ಟರ ಮಟ್ಟಿನ ಆಧಾರವೆಂಬುದನ್ನು ಆ ಬಸ್ಸುಗಳಲ್ಲಿ ಕುಳಿತು ನೋಡಿದವನಾದುದರಿಂದ ಹೇಳಬಲ್ಲೆ.

ಅವ್ವನಿಗೆ ನಾಲಿಗೆಯ ಬುಡದಲ್ಲಿ ಗಡ್ಡೆ. ಕುತ್ತಿಗೆಯ ಒಂದು ಪಕ್ಕದಲ್ಲಿ ಅದರ ಗಂಟು. ನುಂಗುವಾಗ ಕಿವಿಯವರೆಗೆ ಎಳೆಯುವ ನೋವನ್ನು ಆಕೆ ಬಹುಕಾಲ ಕಿವಿಯ ನೋವೆಂದೇ ತಿಳಿದಿದ್ದಳು. ಊಟವಾದ ಮೇಲೆ ಎಲೆಯಡಿಕೆಯೊಡನೆ ಒಂದು ಎಸಳು ತಂಬಾಕನ್ನು ದವಡೆಗೆ ಒತ್ತಿಕೊಳ್ಳುವ ವಾಡಿಕೆ ನಮ್ಮ ಸೀಮೆಯ ಹಿರಿಯ ಹೆಂಗಸರಲ್ಲಿ ಅನೇಕರಿಗೆ ಇರುವಂತೆ ಆಕೆಗೂ ಇತ್ತು. ತಂಬಾಕಿನ ಮಾತು ಹಾಗಿರಲಿ, ತಂಬಾಕಿಲ್ಲದ ಎಲೆಯಡಿಕೆಯೂ, ಬರಿಯ ಅಡಿಕೆಯೂ ಮನುಷ್ಯನಿಗೆ ಕ್ಯಾನ್ಸರನ್ನು ತರತಕ್ಕವೆಂದು ಜಾಗತಿಕ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿತು. ಮದುವೆ ಸೀಮಂತಗಳಲ್ಲಿ ತಟ್ಟೆ ಮುಂದೆ ಬಂದಾಗ ಈ ಮಾತನ್ನು ಜ್ಞಾಪಿಸಿಕೊಳ್ಳುವವರು ಕಡಿಮೆ.

ಗಡ್ಡೆಯು ನಾಲಿಗೆಯ ಬುಡದಲ್ಲಿದ್ದುದರಿಂದ ವೈದ್ಯರು ಕೊಯ್ಯಲಿಲ್ಲ. ವಾರಕ್ಕೆ ಐದು ದಿನಗಳಂತೆ ಏಳು ವಾರಗಳ ವಿಕಿರಣ ಚಿಕಿತ್ಸೆ, ಅದರೊಡನೆ ವಾರಕ್ಕೊಮ್ಮೆ ರಕ್ತನಾಳದ ಮೂಲಕ ಔಷಧ. ವಿಕಿರಣದ ವೇಳೆ ತಲೆಯು ಕದಲಬಾರದಾದ ಕಾರಣ, ಬಿಸಿನೀರಿನಲ್ಲಿ ಮೆತ್ತಗೆ ಮಾಡಿದ ಒಂದು ಬಗೆಯ ಪ್ಲಾಸ್ಟಿಕ್ಕಿನ ಜಾಳಿಗೆಯನ್ನು ಮುಖದ ಮೇಲೆ ಎಳೆದು, ಅದು ಆರಿ ಗಟ್ಟಿಯಾದ ಮೇಲೆ ಪ್ರತಿ ದಿನವೂ ಅದೇ ಮುಖವಾಡದಿಂದ ರೋಗಿಯನ್ನು ಮೇಜಿಗೆ ಬಿಗಿಯುತ್ತಾರೆ. ಹೊರಗೆ ಬಂದಾಗ ಅವ್ವನ ಹಣೆಯ ಮೇಲೂ ಕೆನ್ನೆಯ ಮೇಲೂ ಆ ಜಾಳಿಗೆಯ ಚೌಕಗಳು ಮೂಡಿರುತ್ತಿದ್ದವು. ಬಸ್ಸು ಅಣ್ಣಿಗೇರಿಯನ್ನು ಮುಟ್ಟುವುದರೊಳಗೆ ಅವು ಮಾಸುತ್ತಿದ್ದವು. ಬಾಯೆಲ್ಲ ಹುಣ್ಣಾಯಿತು, ಜೊಲ್ಲು ಬತ್ತಿತು, ರುಚಿ ಹೋಯಿತು. ಮೂಗಿನ ಮೂಲಕ ಇಳಿಸಿದ ನಳಿಗೆಯಲ್ಲಿ ಗಂಜಿಯನ್ನು ಹಾಕಬೇಕಾಯಿತು. 2024ರ ಅಕ್ಟೋಬರದ ಮೊದಲಲ್ಲಿ ಚಿಕಿತ್ಸೆ ಮುಗಿಯಿತು. ಅಂದು ವೈದ್ಯರು ಹೇಳಿದ್ದು ಇಷ್ಟು: ಇನ್ನು ಹನ್ನೆರಡು ವಾರ ಬಿಟ್ಟು ಬನ್ನಿ, ಪೆಟ್ ಸ್ಕ್ಯಾನ್ ಮಾಡಿ ನೋಡೋಣ.

ಹನ್ನೆರಡು ವಾರ! ಮನೆಯಲ್ಲಿ ಈ ಮಾತಿಗೆ ಎದ್ದ ಕೋಲಾಹಲವನ್ನು ಏನೆಂದು ಹೇಳಲಿ? ಏಳು ವಾರಗಳ ಕಾಲ ಒಂದು ದಿನ ತಪ್ಪಿದರೂ ಗದರಿಕೊಂಡ ಆಸ್ಪತ್ರೆಯು ಈಗ ಮೂರು ತಿಂಗಳು ಸುಮ್ಮನಿರು ಎನ್ನುವುದೆಂದರೆ ಅದಕ್ಕೆ ಅರ್ಥವೇನು? ಕೈಬಿಟ್ಟರೋ? ಇಲ್ಲವೆ ಯಂತ್ರದ ಮುಂದೆ ಸಾಲು ಉದ್ದವಾಗಿದೆಯೋ? ಹಣ ಕೊಟ್ಟರೆ ಬೇರೆಡೆ ನಾಳೆಯೇ ಮಾಡುವುದಿಲ್ಲವೋ? ದೊಡ್ಡಪ್ಪನವರು ಬೆಂಗಳೂರಿಗೆ ಹೋಗಬೇಕೆಂದರು. ಸೋದರಮಾವನು ಮೀರಜಿಗೆ ಎಂದನು. ನನ್ನ ತಂಗಿ, ದಾದಿಯ ಶಿಕ್ಷಣವನ್ನು ಪಡೆದವಳು, ವೈದ್ಯರನ್ನು ಮತ್ತೆ ಕಂಡು ಕಾರಣವನ್ನು ಕೇಳಿ ತಿಳಿದುಕೊಂಡು ಬಂದಳು. ಆ ಕಾರಣವೇ ಇಂದಿನ ನನ್ನ ಮಾತಿನ ಜೀವಾಳವಾದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಕ್ಯಾನ್ಸರಿನ ಜೀವಕೋಶಗಳು ಸಕ್ಕರೆಯನ್ನು ಅತಿಯಾಗಿ ಉಪಯೋಗಿಸುತ್ತವೆಂಬುದನ್ನು 1920ರ ದಶಕದಲ್ಲಿ ಜರ್ಮನಿಯ ಓಟೊ ವಾರ್ಬರ್ಗ್ ಎಂಬ ವಿಜ್ಞಾನಿ ಕಂಡುಹಿಡಿದನು. ಅದರ ಮೇಲೆ ನಿಂತದ್ದು ಈ ಪೆಟ್ ಸ್ಕ್ಯಾನ್. ಗ್ಲೂಕೋಸಿನ ಅಣುವಿಗೆ ವಿಕಿರಣಶೀಲವಾದ ಫ್ಲೋರಿನನ್ನು ಜೋಡಿಸಿ ರಕ್ತಕ್ಕೆ ಸೇರಿಸಿದರೆ, ಸಕ್ಕರೆಯು ಎಲ್ಲಿ ಹೆಚ್ಚಾಗಿ ಹೋಗಿ ಸೇರುವುದೋ ಆ ಸ್ಥಳವು ಚಿತ್ರದಲ್ಲಿ ಬೆಳಗುತ್ತದೆ. ಮನುಷ್ಯನ ದೇಹಕ್ಕೆ ಈ ದ್ರವ್ಯವನ್ನು ಮೊದಲು ಕೊಟ್ಟದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ. ಆದರೆ ಸಕ್ಕರೆಯನ್ನು ಬಯಸುವುದು ಕ್ಯಾನ್ಸರೊಂದೇ ಅಲ್ಲವಷ್ಟೆ. ಗಾಯವನ್ನು ಮಾಯಿಸಲು ಬಂದ ರಕ್ತಕಣಗಳು, ಸತ್ತ ಜೀವಕೋಶಗಳನ್ನು ತೆಗೆದುಹಾಕುವ ಕಣಗಳು, ಇವೂ ಸಕ್ಕರೆಯನ್ನು ಯಥೇಷ್ಟವಾಗಿ ಬಳಸುತ್ತವೆ. ವಿಕಿರಣದಿಂದ ಬೆಂದ ಗಂಟಲಿನಲ್ಲಿ ವಾರಗಟ್ಟಲೆ ನಡೆಯುವುದು ಈ ರಿಪೇರಿಯ ಕೆಲಸವೇ. ಆ ಹೊತ್ತಿನಲ್ಲಿ ಚಿತ್ರ ತೆಗೆದರೆ ಗಂಟಲೆಲ್ಲ ಬೆಳಗುವುದು. ಗುಣವಾಗುತ್ತಿರುವುದು ಯಾವುದು, ರೋಗ ಉಳಿದಿರುವುದು ಎಲ್ಲಿ ಎಂದು ಬೇರ್ಪಡಿಸುವುದು ಎಂಥ ನಿಪುಣನಿಗೂ ಕಷ್ಟ. ಅಲ್ಲದೆ ಗಡ್ಡೆಯು ಕರಗುವುದೂ ವಿಕಿರಣದ ಕೊನೆಯ ದಿನಕ್ಕೆ ನಿಲ್ಲುವುದಿಲ್ಲ. ಚಿಕಿತ್ಸೆಯನ್ನು ನಿಲ್ಲಿಸಿದ ಮೇಲೆಯೂ ಅದು ಸಾಯುತ್ತಲೇ ಇರುತ್ತದೆ.

ಈ ತಡೆಯುವಿಕೆಯಿಂದ ರೋಗಿಗೆ ಆಗುವ ಲಾಭವೇನೆಂಬುದಕ್ಕೆ ಒಳ್ಳೆಯ ಪ್ರಮಾಣವಿದೆ. ಹಿಂದೆ ಕುತ್ತಿಗೆಯಲ್ಲಿ ದೊಡ್ಡ ಗಂಟುಗಳಿದ್ದವರಿಗೆ, ವಿಕಿರಣವಾದ ಮೇಲೆ, ರೋಗ ಉಳಿದಿದ್ದೀತೆಂಬ ಭಯದಿಂದಲೇ ಕುತ್ತಿಗೆಯನ್ನು ಕೊಯ್ದು ಗಂಟುಗಳನ್ನು ತೆಗೆಯುವ ಪದ್ಧತಿಯು ಅನೇಕ ಕಡೆ ಇತ್ತು. ಬರ್ಮಿಂಗ್‌ಹ್ಯಾಮಿನ ಹಿಶಾಮ್ ಮೆಹನ್ನಾ ಮತ್ತು ಅವರ ಸಂಗಡಿಗರು ಬ್ರಿಟನ್ನಿನ 37 ಕೇಂದ್ರಗಳಲ್ಲಿ 564 ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಆ ಪದ್ಧತಿಯಂತೆ ಶಸ್ತ್ರಕ್ರಿಯೆಯನ್ನೂ, ಇನ್ನೊಂದು ಪಾಲಿಗೆ ಹನ್ನೆರಡು ವಾರ ತಡೆದು ಪೆಟ್ ಸ್ಕ್ಯಾನನ್ನೂ ವಿಧಿಸಿದರು. 2016ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಮೊದಲನೆಯ ಪಾಲಿನಲ್ಲಿ 221 ಜನರ ಕುತ್ತಿಗೆಗೆ ಕತ್ತಿ ಬಿದ್ದಿತು. ತಡೆದು ನೋಡಿದ ಪಾಲಿನಲ್ಲಿ 54 ಜನರಿಗೆ ಮಾತ್ರ. ಎರಡು ವರ್ಷಗಳ ತರುವಾಯ ಬದುಕಿದ್ದವರ ಪ್ರಮಾಣವಾದರೋ ತಡೆದವರಲ್ಲಿ ನೂರಕ್ಕೆ 84.9, ಶಸ್ತ್ರಕ್ರಿಯೆಯ ಪಾಲಿನವರಲ್ಲಿ 81.5. ಅಂದರೆ ಈ ಹನ್ನೆರಡು ವಾರಗಳು ಆಸ್ಪತ್ರೆಯ ಉದಾಸೀನದಿಂದ ಆದ ವಿಳಂಬವಲ್ಲವೆಂದೂ, ಚಿಕಿತ್ಸೆಯ ಒಂದು ಭಾಗವೇ ಆಗಿ ಬಹು ಜನರನ್ನು ನಿಷ್ಕಾರಣವಾದ ಶಸ್ತ್ರಕ್ರಿಯೆಯಿಂದ ಉಳಿಸಿವೆಯೆಂದೂ ಆಯಿತು.

ತಂಗಿಯು ಇದನ್ನು ನಮಗೆ ಹೇಳಿದಳು. ಆಮೇಲೆ ಅವ್ವನಿಗೂ ಹೇಳಲು ಎದ್ದಳು. ಆಗ ಹಿರಿಯರೆಲ್ಲರೂ ಆಕೆಯನ್ನು ತಡೆದರು. ರೋಗಿಯ ಮುಂದೆ ರೋಗದ ಮಾತನ್ನು ಎತ್ತಬಾರದೆಂಬುದು ನಮ್ಮ ಮನೆಗಳಲ್ಲಿ ಬೇರೂರಿದ ನಿಯಮ. ಪ್ರೀತಿಯಿಂದಲೇ ಹುಟ್ಟಿದ ನಿಯಮವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅದರ ಪರಿಣಾಮವನ್ನು ನೋಡಿರಿ. ಏಳು ವಾರ ಮುಖವಾಡದೊಳಗೆ ಒಬ್ಬಳೇ ಮಲಗಿ ಎದ್ದವಳಿಗೆ ಗೊತ್ತಿಲ್ಲದುದು ಏನಿದ್ದೀತು? ಬಾಗಿಲ ಮರೆಯಲ್ಲಿ ಪಿಸುಗುಟ್ಟುವವರ ದನಿ ಆಕೆಗೆ ಕೇಳಿಸದೆ ಇದ್ದೀತೆ? ನಾವು ಹೇಳದೆ ಬಿಟ್ಟ ಪ್ರತಿಯೊಂದು ಮಾತಿನ ಜಾಗದಲ್ಲಿಯೂ ಆಕೆ ಅದಕ್ಕಿಂತ ಕೆಟ್ಟದ್ದೊಂದನ್ನು ಊಹಿಸಿಕೊಳ್ಳುತ್ತಿದ್ದಳು. ತಂಗಿ ಯಾರ ಮಾತನ್ನೂ ಲೆಕ್ಕಿಸದೆ, ಹೊಸ್ತಿಲ ಬಳಿ ಕುಳಿತಿದ್ದ ಆಕೆಯ ಪಕ್ಕದಲ್ಲಿ ಕುಳಿತು, ಸಕ್ಕರೆಯ ಸಂಗತಿಯನ್ನೂ ಗಾಯ ಮಾಯುವ ಸಂಗತಿಯನ್ನೂ ತಿಳಿಯುವಂತೆ ಹೇಳಿದಳು. ಅವ್ವ ಪೂರ್ತಿ ಕೇಳಿ, ಇನ್ನೂ ಸರಿಯಾಗಿ ಏಳದ ದನಿಯಲ್ಲಿ ಅಂದಳು: "ಅಷ್ಟ ಹೌದಲ್ಲೊ? ಹಸಿ ಎರಿಯಾಗ ಕಾಲಿಟ್ರ ಕಾಲೂ ಹುಗಿತಾವ, ನೆಲಾನೂ ಕೆಡತೈತಿ. ಹದಾ ಬರೂತನಕ ತಡೀಬೇಕ. ಇದನ್ನ ಹೇಳಾಕ ಇಷ್ಟ್ಯಾಕ ಹೆದರಿದ್ರಿ?"

ಎರೆಹೊಲದ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ನಿಂತೊಡನೆ ಬಿತ್ತುವ ಆತುರ ಯಾರಿಗಿಲ್ಲ? ಆದರೂ ಎತ್ತುಗಳನ್ನು ಹೊಲಕ್ಕೆ ಇಳಿಸದೆ ಮಣ್ಣನ್ನು ಹಿಡಿಹಿಡಿದು ನೋಡುತ್ತ ಕಟ್ಟೆಯ ಮೇಲೆ ದಿನ ಕಳೆಯುವವನು ಸೋಮಾರಿಯೆನಿಸನು. ಅವ್ವನ ಬಾಯಿಂದ ಆ ಮಾತು ಹೊರಟ ಮೇಲೆ ನಮ್ಮ ಮನೆಯ ಕಾಯುವಿಕೆಯ ಬಣ್ಣವೇ ಬದಲಾಯಿತು. ಭಯ ಹೋಯಿತೆಂದು ನಾನು ಹೇಳಲಾರೆ. ಆದರೆ ಕಾರಣವನ್ನು ಅರಿತು ಕಾಯುವುದಕ್ಕೂ, ಅರಿಯದೆ ಕಾಯುವುದಕ್ಕೂ ಇರುವ ಅಂತರವನ್ನು ಆ ದಿನದಿಂದ ಕಂಡೆ. ಬೆಂಗಳೂರು ಮೀರಜುಗಳ ಮಾತು ತಾನಾಗಿಯೇ ನಿಂತಿತು.

ಕೆಲಸಕ್ಕೂ ಕೊರತೆಯಿರಲಿಲ್ಲ. ವಿಕಿರಣವಾದ ಗಂಟಲು ದವಡೆಗಳನ್ನು ಸುಮ್ಮನೆ ಬಿಟ್ಟರೆ ಅವು ಬಿಗಿದುಕೊಳ್ಳುತ್ತವೆ; ಬಾಯಿ ತೆರೆಯಲು ಬಾರದಂತಾಗುತ್ತದೆ. ಅದಕ್ಕಾಗಿ ಐಸ್‌ಕ್ರೀಮಿನ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಹಿಡಿದು, ದಿನಗಳು ಹೋದಂತೆ ಒಂದೊಂದೇ ಕಡ್ಡಿಯನ್ನು ಹೆಚ್ಚಿಸುತ್ತ ಹೋಗಬೇಕೆಂದು ಆಸ್ಪತ್ರೆಯಲ್ಲಿ ಕಲಿಸಿದ್ದರು. ಆ ಕಡ್ಡಿಗಳನ್ನು ಅವ್ವ ದಾರದಿಂದ ಕಟ್ಟಿ, ತೊಳೆದು, ದೇವರ ಜಗುಲಿಯ ಮಗ್ಗುಲಲ್ಲಿ ಇಡುತ್ತಿದ್ದಳು. ಪೂಜೆಯಾದ ಮೇಲೆ ಕಡ್ಡಿಯ ಕೆಲಸ. ಹೊಸ ಕಡ್ಡಿಯೊಂದು ಸೇರಿದ ದಿನ ಮೊಮ್ಮಕ್ಕಳನ್ನು ಕರೆದು ತೋರಿಸುತ್ತಿದ್ದಳು. ನುಂಗುವ ಅಭ್ಯಾಸ ಬೇರೆ: ಮೊದಲು ಅಂಬಲಿ, ಆಮೇಲೆ ಮಜ್ಜಿಗೆಯಲ್ಲಿ ಕಲಸಿದ ನುಚ್ಚು, ಬಹುದಿನಗಳ ಮೇಲೆ ಹಾಲಿನಲ್ಲಿ ನೆನೆಸಿ ಕಿವುಚಿದ ಬಿಸಿ ರೊಟ್ಟಿ. ಹೋದಲ್ಲೆಲ್ಲ ಕೈಯಲ್ಲಿ ನೀರಿನ ಬಾಟಲಿ. ಖಾರವನ್ನು ನಾಲಿಗೆಯ ತುದಿಗೂ ಸೋಕಿಸುವಂತಿರಲಿಲ್ಲ. ಕೆಂಪು ಚಟ್ನಿಯಿಲ್ಲದ ಊಟವನ್ನು ಊಟವೆಂದೇ ಎಣಿಸದವಳು, ತಾನು ತಿನ್ನಲಾಗದ ಆ ಚಟ್ನಿಯನ್ನು ನಮಗಾಗಿ ಕುಟ್ಟಿಕೊಡುವಳು.

ಇನ್ನು ಅವ್ವನನ್ನು ಕಾಣಲು ಬರುತ್ತಿದ್ದವರ ವಿಷಯ. ನಮ್ಮೂರಿನಲ್ಲಿ ನೆರೆಹೊರೆಯ ಪ್ರೀತಿಗೆ ಮತದ ಗಡಿಯಿಲ್ಲ. ಒಬ್ಬರು ಸಿದ್ಧೇಶ್ವರನಿಗೆ ದೀಪ ಹಚ್ಚಿದರು, ಇನ್ನೊಬ್ಬರು ದಾವಲ್ ಮಲಿಕರ ದರ್ಗಾಕ್ಕೆ ಹರಕೆ ಹೊತ್ತರು. ಇವರಿಗೆ ನಾನು ಋಣಿ. ಆದರೆ ದೂರ ಕುಳಿತು, ಮೂಗಿಗೆ ಸೆರಗು ಹಿಡಿದು, ಹಿಂದೆ ಇದೇ ಬೇನೆಯಿಂದ ಹೋದವರ ಹೆಸರುಗಳನ್ನು ಎಣಿಸಿ ಎದ್ದುಹೋದವರೂ ಇದ್ದರು. ಈ ರೋಗವು ಅಂಟುವುದಿಲ್ಲ. ಜೊತೆಯಲ್ಲಿ ಉಣ್ಣುವುದರಿಂದ, ಮೈ ಮುಟ್ಟುವುದರಿಂದ ಅದು ಹರಡದು. ಇಲ್ಲಿ ನಮ್ಮೂರಿನ ಕವಿಯೇ ನೆನಪಾಗುತ್ತಾನೆ: ಕ್ರಿ.ಶ. 1112ರಲ್ಲಿ 'ಧರ್ಮಾಮೃತ'ವನ್ನು ರಚಿಸಿದ ನಯಸೇನನು ನಮ್ಮ ಮುಳಗುಂದದವನು. ಸಮ್ಯಗ್ದರ್ಶನದ, ಎಂದರೆ ನಿಜವಾದ ಶ್ರದ್ಧೆಯ, ಎಂಟು ಅಂಗಗಳಿಗೂ ಒಂದೊಂದು ಕಥೆಯನ್ನು ಕಟ್ಟಿ ಹೇಳಿದವನು. ಆ ಅಂಗಗಳಲ್ಲಿ ನಿರ್ವಿಚಿಕಿತ್ಸೆಯೆಂಬುದು ಒಂದು. ರೋಗಗ್ರಸ್ತವಾದ ದೇಹವನ್ನು ಕಂಡು ಅಸಹ್ಯಪಡದಿರುವ ಗುಣ ಅದು. ಜೈನ ಪರಂಪರೆಯಲ್ಲಿ ಅದಕ್ಕೆ ನಿದರ್ಶನವಾಗಿ ನಿಂತವನು, ವ್ಯಾಧಿಪೀಡಿತನಾದ ಯತಿಯು ತನ್ನ ಮೈಮೇಲೆ ವಾಂತಿ ಮಾಡಿದರೂ ಹೇಸದೆ ಶುಶ್ರೂಷೆ ಮಾಡಿದ ಉದ್ದಾಯನ ಮಹಾರಾಜ. ಒಂಬೈನೂರು ವರ್ಷಗಳ ಹಿಂದೆ ಇದನ್ನು ಧರ್ಮದ ಅಂಗವೆಂದು ಕನ್ನಡದಲ್ಲಿ ಬೋಧಿಸಿದ ಊರಿನಲ್ಲಿಯೇ, ನಳಿಗೆ ಹಾಕಿದ ಮುದುಕಿಯೊಬ್ಬಳ ಲೋಟವನ್ನು ಬೇರೆಯಿಡುವುದನ್ನು ನೋಡಿ ನನಗೆ ಬಹಳ ನೋವಾಯಿತು.

ಡಿಸೆಂಬರದ ಕೊನೆಯ ವಾರದಲ್ಲಿ ಸ್ಕ್ಯಾನಿನ ದಿನ ಬಂದಿತು. ಬೆಳಗಿನಿಂದ ಉಪವಾಸ. ರಕ್ತದಲ್ಲಿ ಸಕ್ಕರೆಯ ಪ್ರಮಾಣವನ್ನು ಪರೀಕ್ಷಿಸಿ, ಸೀಸದ ಕವಚವುಳ್ಳ ಸಿರಿಂಜಿನಿಂದ ದ್ರವ್ಯವನ್ನು ಕೊಟ್ಟ ಮೇಲೆ ಸುಮಾರು ಒಂದು ಗಂಟೆಯ ಕಾಲ ಬೆಚ್ಚಗೆ ಹೊದೆದು, ಮಾತಾಡದೆ, ಏನನ್ನೂ ಅಗಿಯದೆ ಮಲಗಿರಬೇಕು. ಮಾತನಾಡಿದರೆ ಗಂಟಲಿನ ಸ್ನಾಯುಗಳೂ ಸಕ್ಕರೆಯನ್ನು ಎಳೆದುಕೊಂಡು ಬೆಳಗುವುವು. ಆ ಫ್ಲೋರಿನ್ನಿನ ಸತ್ತ್ವವು 110 ನಿಮಿಷಗಳಿಗೊಮ್ಮೆ ಅರ್ಧಕ್ಕಿಳಿಯುವುದರಿಂದ ಅದನ್ನು ತಂದಿಟ್ಟು ಕಾಯುವಂತಿಲ್ಲ. ತಯಾರಾದೊಡನೆ ಸಾಗಿಸಿ ಕೊಡಬೇಕು. ಯಂತ್ರದಲ್ಲಿ ಮಲಗುವುದು ಅರ್ಧ ಗಂಟೆಯೊಳಗಿನ ಮಾತು. ಅಂದು ಮನೆಗೆ ಬಂದ ಮೇಲೆ ಕೆಲವು ಗಂಟೆಗಳವರೆಗೆ ಮಕ್ಕಳನ್ನು ಹತ್ತಿರ ತೆಗೆದುಕೊಳ್ಳಬಾರದೆಂದು ಹೇಳಿ ಕಳಿಸಿದರು. ಮೊಮ್ಮಗಳು ಪಡಸಾಲೆಯ ಕಂಬದ ಆಚೆ, ಅಜ್ಜಿ ಈಚೆ, ಹೀಗೆ ಕುಳಿತು ಇಬ್ಬರೂ ಸಂಜೆಯವರೆಗೆ ಮಾತಾಡಿದರು.

ವರದಿಯು ವೈದ್ಯರಿಗಿಂತ ಮೊದಲು ಮೊಬೈಲಿಗೆ ಬರುವುದು ಈಗಿನ ಕಾಲದ ವ್ಯವಸ್ಥೆ. ಒಳ್ಳೆಯದೋ ಕೆಟ್ಟದ್ದೋ, ಅದು ಬಂದಿತು. ಪಿಯುಸಿ ಓದುವ ನಮ್ಮ ಮನೆಯ ಹುಡುಗನು ಅದನ್ನು ತೆರೆದು, ನಾಲಿಗೆಯ ಬುಡದಲ್ಲಿ "ಮೈಲ್ಡ್ ಅಪ್‌ಟೇಕ್" ಎಂದು ಬರೆದಿದೆಯೆಂದೂ, ಅದರ ಮುಂದೆ ಒಂದು ಅಂಕಿಯಿದೆಯೆಂದೂ ಓದಿ ಹೇಳಿದನು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಅಂಕಿಯನ್ನು ಹಿಡಿದು ಮೊಬೈಲಿನಲ್ಲಿ ಹುಡುಕಿದವರಿಗೆ ಸಿಕ್ಕಿದ ಉತ್ತರಗಳು ಒಂದಕ್ಕೊಂದು ವಿರುದ್ಧವಾಗಿದ್ದವು. ಅವ್ವ ಮಾತ್ರ, "ಅದನ್ನ ಮುಚ್ಚಿಡ ತಮ್ಮಾ. ಅದನ್ನ ಓದಾಕ ಬರೂರ ಕಡೆ ಒಯ್ದು ಓದಸೂಣಂತ" ಎಂದು ದೀಪ ಆರಿಸಿದಳು.

ವೈದ್ಯರ ಭೇಟಿಗೆ ಇನ್ನೂ ಸಮಯವಿತ್ತು. ಆ ಎಡೆಯಲ್ಲಿಯೇ, 2025ರ ಜನವರಿ 1ರಂದು, ನಟ ಶಿವರಾಜಕುಮಾರರ ಸುದ್ದಿ ಬಂದಿತು. ಅಮೆರಿಕದ ಮಿಯಾಮಿಯಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ ಡಿಸೆಂಬರ್ 24ರಂದು ಶಸ್ತ್ರಕ್ರಿಯೆ ಮಾಡಿಸಿಕೊಂಡಿದ್ದ ಅವರು, ಪರೀಕ್ಷೆಯ ವರದಿಯಲ್ಲಿ ರೋಗವಿಲ್ಲವೆಂದು ಬಂದುದನ್ನು ಪತ್ನಿಯೊಡನೆ ಕುಳಿತು ನಾಡಿಗೆಲ್ಲ ತಿಳಿಸಿದರು. ಟಿ.ವಿ.ಯ ಮುಂದೆ ಅವ್ವ ಅದನ್ನು ಎರಡೆರಡು ಸಲ ನೋಡಿದಳು. ತನಗೆ ಬಂದ ರೋಗದ ಹೆಸರನ್ನು ಸಕಲರ ಎದುರಿನಲ್ಲಿ ಹೇಳಿಕೊಳ್ಳುವ ಇಂಥ ಧೈರ್ಯದಿಂದ ಹಳ್ಳಿಯ ಮನೆಗಳಲ್ಲಿ ಎಷ್ಟು ಬಾಯಿಗಳು ತೆರೆಯುತ್ತವೆಂಬುದನ್ನು ಅವರು ಬಲ್ಲರೋ ಇಲ್ಲವೋ, ನಾನಂತೂ ಕಂಡೆ: ಅದುವರೆಗೆ "ಆ ಬ್ಯಾನಿ" ಎನ್ನುತ್ತಿದ್ದ ದೊಡ್ಡಪ್ಪನವರು ಅಂದು ಮೊದಲ ಸಲ ಅವ್ವನ ಎದುರಿನಲ್ಲಿಯೇ ಕ್ಯಾನ್ಸರೆಂದು ಉಚ್ಚರಿಸಿ, ನಿನ್ನದೂ ಹೋಗಿರುತ್ತದೆ ಎಂದರು.

ಭೇಟಿಯ ದಿನ ವೈದ್ಯರು ಚಿತ್ರವನ್ನು ತಾವೇ ನೋಡಿ, ಬೆಳಕಿನ ನಳಿಗೆಯಿಂದ ಗಂಟಲನ್ನು ಪರೀಕ್ಷಿಸಿ, ಕುತ್ತಿಗೆಯನ್ನು ಬೆರಳುಗಳಿಂದ ತಡಕಿ, ರೋಗವು ಎಲ್ಲಿಯೂ ಕಾಣುತ್ತಿಲ್ಲವೆಂದರು. ಹುಡುಗ ಓದಿದ ಆ ಮಂದವಾದ ಬೆಳಕು ಮಾಯುತ್ತಿರುವ ಮಾಂಸದ್ದು. ಇಂಥ ಸ್ಕ್ಯಾನುಗಳ ಸ್ವಭಾವವನ್ನೂ ಅವರು ವಿವರಿಸಿದರು: ಏನೂ ಬೆಳಗದಿದ್ದರೆ ಆ ಮಾತನ್ನು ನೂರಕ್ಕೆ ಸುಮಾರು 95ರಷ್ಟು ನಂಬಬಹುದು, ಬೆಳಗಿದರೆ ಹೆಚ್ಚುಕಡಿಮೆ ಅರ್ಧದಷ್ಟು ಸಲ ಮಾತ್ರ ಅದು ನಿಜವಾದ ರೋಗ, ಆದುದರಿಂದ ಬೆಳಕು ಕಂಡಿತೆಂದು ಎದೆಗುಂದುವುದೂ ಸಲ್ಲದು, ಕಾಣಲಿಲ್ಲವೆಂದು ತಪಾಸಣೆಯನ್ನು ಬಿಡುವುದೂ ಸಲ್ಲದು. ಕೆಲವೇ ಮಿಲಿಮೀಟರಿನ ಗಡ್ಡೆಯನ್ನು ಈ ಯಂತ್ರವು ಹಿಡಿಯಲಾರದು. ರೋಗವು ಮರಳುವುದಾದರೆ ಬಹುಮಟ್ಟಿಗೆ ಮೊದಲಿನ ಎರಡು ವರ್ಷಗಳಲ್ಲಿ; ಆದಕಾರಣ ಮೊದಲ ವರ್ಷ ಒಂದೆರಡು ತಿಂಗಳಿಗೊಮ್ಮೆ, ಆಮೇಲೆ ಕ್ರಮೇಣ ಅಂತರ ಹೆಚ್ಚಿಸುತ್ತ ಐದು ವರ್ಷಗಳ ತನಕ, ಬಳಿಕ ವರ್ಷಕ್ಕೊಮ್ಮೆ ಬರುತ್ತಿರಬೇಕು. ಕುತ್ತಿಗೆಗೆ ವಿಕಿರಣವಾದವರಿಗೆ ಥೈರಾಯ್ಡ್ ಕುಂದುವ ಸಂಭವವಿರುವುದರಿಂದ ಆ ರಕ್ತಪರೀಕ್ಷೆ ಆಗಾಗ್ಗೆ ಬೇಕು. ಹಲ್ಲು ಕೀಳಿಸುವ ಪ್ರಸಂಗ ಬಂದರೆ ಮೊದಲು ಇವರಿಗೆ ತಿಳಿಸಬೇಕು. ವಿಕಿರಣವಾದ ದವಡೆಯ ಎಲುಬು ಬೇಗ ಮಾಯುವುದಿಲ್ಲ. ತಂಬಾಕು ಅಡಿಕೆಗಳ ಹೆಸರನ್ನೆತ್ತಕೂಡದು.

ಇದನ್ನೆಲ್ಲ ವೈದ್ಯರು ಹೇಳಿದ್ದು ನನಗಲ್ಲ, ತಂಗಿಗೂ ಅಲ್ಲ. ಮುಂದಿನ ಕುರ್ಚಿಯಲ್ಲಿ ಕುಳಿತಿದ್ದ ಅವ್ವನಿಗೆ. ಆಕೆ ಒಂದೊಂದಕ್ಕೂ ಪ್ರಶ್ನೆ ಕೇಳಿದಳು. ರೊಟ್ಟಿ ಯಾವಾಗ ಅಗಿಯಬಹುದು? ಬಾಯಾರಿಕೆ ಹೀಗೆಯೇ ಇರುವುದೋ? ಮುಂದಿನ ಸಲವೂ ಈ ಚಿತ್ರವನ್ನು ತೆಗೆಯುವರೋ, ತೆಗೆಯದಿದ್ದರೆ ಏತಕ್ಕಾಗಿ ತೆಗೆಯುವುದಿಲ್ಲ? ಹೊಸ ತೊಂದರೆ ಕಾಣದೆ ಸ್ಕ್ಯಾನನ್ನು ಮೇಲಿಂದ ಮೇಲೆ ಮಾಡುವುದಿಲ್ಲವೆಂದೂ, ತಮ್ಮ ಕಣ್ಣೂ ಬೆರಳೂ ಆಕೆಯ ಮಾತೂ ಸಾಕೆಂದೂ ವೈದ್ಯರು ಉತ್ತರ ಕೊಟ್ಟು, ಫೆಬ್ರುವರಿಯ ಒಂದು ತಾರೀಖನ್ನು ಕಾರ್ಡಿನ ಮೇಲೆ ಬರೆಯತೊಡಗಿದರು. ಅವ್ವ ತಡೆದಳು: "ಆ ವಾರ ಕಡ್ಲಿ ರಾಶಿ ಐತ್ರೀ ಸಾಹೇಬ್ರ. ಅದರ ಮುಂದಿನ ವಾರ ಹಾಕ್ರಿ." ಅಷ್ಟು ತಡವಾದರೆ ಹಾನಿಯಿಲ್ಲವೆಂದು ವೈದ್ಯರು ಹೇಳಿ, ಹಳೆಯ ತಾರೀಖನ್ನು ಹೊಡೆದುಹಾಕಿ ಹೊಸದನ್ನು ಬರೆದು ಕಾರ್ಡನ್ನು ಆಕೆಯ ಕೈಗೇ ಕೊಟ್ಟರು.